ಪಗ್ಗೋ, ಸ್ಪಿಟ್ಜೋ? ಮಧ್ಯಾಹ್ನ ಮನೆಯಲ್ಲಿ ಇರುವವರನ್ನು ಕೇಳಿದಿರಾ?

ನಾಯಿ ತರುವ ವಿಷಯಕ್ಕೂ ಆಪ್ತಸಲಹೆ ಬೇಕೇ ಎಂದು ನಗುವವರಿದ್ದಾರೆ. ಆದರೂ ಮಕ್ಕಳ ಬೇಸಿಗೆ ರಜೆ ಹತ್ತಿರ ಬಂದಂತೆ ಇದೇ ಜಗಳ ಒಂದಲ್ಲ ಒಂದು ಮನೆಯಿಂದ ಬರುತ್ತಲೇ ಇರುತ್ತದೆ. ಕಲಬುರಗಿಯ ಒಂದು ಮನೆಯದನ್ನು ಗುರುತು ಸಿಗದಂತೆ ವಿವರ ಬದಲಿಸಿ ಇಲ್ಲಿ ಬರೆದಿದೆ.

ಗಂಡ, ಹೆಂಡತಿ ಇಬ್ಬರೂ ನೌಕರಿಯವರು. ಹತ್ತು ವರ್ಷದ ಮಗ, ಮಂಡಿನೋವಿನ ಅತ್ತೆ. ಮೊದಲ ಮಹಡಿಯ ಬಾಡಿಗೆ ಮನೆ, ತಲೆಯ ಮೇಲೆ ಬಿಸಿಲಿಗೆ ಕಾಯುವ ಆರ್‌ಸಿಸಿ ತಾರಸಿ, ಕೆಳಗೆ ಮನೆ ಮಾಲೀಕರು. ಗಂಡನಿಗೆ ಚಪ್ಪಟೆ ಮೂತಿಯ ಪಗ್ ನಾಯಿ ಬೇಕು: ಬೊಗಳುವುದು ಕಡಿಮೆ, ಮಕ್ಕಳ ಜೊತೆ ಸಲೀಸು, ಕೂದಲು ಉದುರುವುದಿಲ್ಲ. 2003ರ ಹಚ್ ಮೊಬೈಲ್ ಕಂಪನಿಯ ಪಗ್ ಜಾಹೀರಾತು ನೋಡಿ ಬೆಳೆದ ತಲೆಮಾರು ಅವರದು. ಹೆಂಡತಿಗೆ ಬಿಳಿ 'ಪಾಮೇರಿಯನ್' ಬೇಕು.

ಎರಡು ತಪ್ಪು ತಿಳಿವಳಿಕೆ ಮೊದಲೇ ಸರಿಪಡಿಸಬೇಕಾಯಿತು. ಪಗ್ ಕೂದಲು ವರ್ಷವಿಡೀ ಉದುರುತ್ತದೆ. ಗಿಡ್ಡ, ಬಿರುಸು ಕೂದಲಾದ್ದರಿಂದ ಸೋಫಾ ಬಟ್ಟೆಗೆ ಚುಚ್ಚಿಕೊಂಡು ಕೂರುತ್ತದೆ. ಇನ್ನು ನಮ್ಮ ಊರುಗಳಲ್ಲಿ ಪಾಮೇರಿಯನ್ ಎನ್ನುವ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ನಿಜವಾದ ಪಾಮೇರಿಯನ್ ಎರಡು, ಮೂರು ಕೆಜಿಯ ಪುಟ್ಟ ನಾಯಿ. ಸ್ಪಿಟ್ಜ್‌ನಲ್ಲಿ ಚಿಕ್ಕ ಬಗೆಯೇ ಐದರಿಂದ ಏಳು ಕೆಜಿ ತೂಗುತ್ತದೆ, ದೊಡ್ಡದು ಅದರ ದುಪ್ಪಟ್ಟು. ಸ್ಪಿಟ್ಜ್ ಮರಿಗೆ ಪಾಮೇರಿಯನ್ ಬೆಲೆ ಕೇಳುವವರಿದ್ದಾರೆ, ಕೊಟ್ಟು ಬರುವವರೂ ಇದ್ದಾರೆ.

ಮಾತು ಮುಂದೆ ಸಾಗಲಿಲ್ಲ. ಮುಂದಿನ ಸಲ ಅತ್ತೆಯನ್ನೂ ಕರೆತರಲು ಹೇಳಲಾಯಿತು. ಒಂದು ಹಾಳೆಯಲ್ಲಿ ಬೆಳಗಿನ ಐದರಿಂದ ರಾತ್ರಿ ಹನ್ನೊಂದರವರೆಗೆ ಗಂಟೆ ಬರೆದು, ಪ್ರತಿ ಗಂಟೆಗೂ ಮನೆಯಲ್ಲಿ ಯಾರಿರುತ್ತಾರೆ ಎಂದು ತುಂಬಿಸಿದೆವು. ಒಂಬತ್ತೂವರೆಯಿಂದ ನಾಲ್ಕರವರೆಗೆ ಒಂದೇ ಹೆಸರು. ಹಾಳೆ ನೋಡುತ್ತಿದ್ದ ಅತ್ತೆ ಹೇಳಿದರು: "ಮಧ್ಯಾಹ್ನ ಕರೆಂಟ್ ಹೋತಂದ್ರ ನಾ ಸೆರಗಿಲೆ ಗಾಳಿ ಹಾಕ್ಕೊಂಡ ಕೂಡ್ತೀನ್ರಿ. ಆ ಮೂಗಿಲ್ಲದ ನಾಯಿಗಿ ಯಾರು ಗಾಳಿ ಹಾಕ್ತಾರ?"

"ಇನ್ವರ್ಟರ್ ಅದ ಅಲ್ಲವ್ವ, ಫ್ಯಾನ್ ತಿರುಗತಾವ" ಎಂದ ಗಂಡ.

ಇಲ್ಲೇ ಪ್ರಕರಣ ತಿರುಗಿದ್ದು. ಫ್ಯಾನ್ ನಮ್ಮನ್ನು ತಣಿಸುವುದು ಮೈಮೇಲಿನ ಬೆವರನ್ನು ಆರಿಸಿ. ನಾಯಿಗೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರು ಬಿಟ್ಟು ನಾಲಿಗೆ, ಮೂಗು, ಗಂಟಲಿನ ತೇವ ಆರಿಸಿಕೊಂಡೇ ಅದು ತಣಿಯಬೇಕು. ನಲವತ್ತು ಡಿಗ್ರಿಯ ಗಾಳಿಯನ್ನು ಒಣ ಮೈಗೆ ಬೀಸಿದರೆ ಪ್ರಯೋಜನ ಅಷ್ಟಕ್ಕಷ್ಟೆ. ಪಗ್‌ನ ಮೂತಿಯ ಮೂಳೆ ಗಿಡ್ಡವಾಗಿದೆ, ಒಳಗಿನ ಮಾಂಸ ಗಿಡ್ಡವಾಗಿಲ್ಲ. ಮೂಗಿನ ಹೊಳ್ಳೆ ಕಿರಿದು. ಉದ್ದದ ಮೆದು ಅಂಗುಳ ಶ್ವಾಸನಾಳದ ಬಾಯಿಗೆ ಅಡ್ಡ ಬರುತ್ತದೆ. ಜನ ಮುದ್ದು ಎನ್ನುವ ಗೊರಕೆ ಇದೇ. ಸೆಕೆಯಲ್ಲಿ ಜೋರಾಗಿ ಏದುಸಿರು ಬಿಟ್ಟಷ್ಟೂ ಗಂಟಲು ಊದಿ ದಾರಿ ಇನ್ನೂ ಕಟ್ಟುತ್ತದೆ, ತಣಿಯುವ ಶ್ರಮವೇ ಮೈ ಕಾವೇರಿಸುತ್ತದೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ. 41 ದಾಟಿದರೆ ಜೀವಕ್ಕೆ ಅಪಾಯ. ಆಗ ತಡಮಾಡದೆ ನಲ್ಲಿ ನೀರಿನಿಂದ ಮೈ, ಹೊಟ್ಟೆ, ತೊಡೆಸಂದು ತೋಯಿಸಿ, ಒದ್ದೆ ಮೈಗೆ ಫ್ಯಾನ್ ಹಾಕಿ (ಆಗ ಫ್ಯಾನ್ ಕೆಲಸ ಮಾಡುತ್ತದೆ), ಪಶುವೈದ್ಯರ ಬಳಿ ಒಯ್ಯಬೇಕು. ಅಂದರೆ ಮಂಡಿನೋವಿನ ಹೆಂಗಸು ಏಳೆಂಟು ಕೆಜಿ ನಾಯಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದು, ಮೇ ತಿಂಗಳ ಎರಡು ಗಂಟೆಯ ಬಿಸಿಲಿನಲ್ಲಿ ಆಟೋ ಹುಡುಕಬೇಕು.

"ಸ್ಪಿಟ್ಜ್‌ಗ ಅಷ್ಟ ಕೂದಲ ಅದ, ಅದಕ ಸೆಕಿ ಆಗಂಗಿಲ್ಲೇನು?" ಗಂಡನ ಈ ಪ್ರಶ್ನೆ ನ್ಯಾಯವಾದದ್ದೇ. ಆಗುತ್ತದೆ. ಅದನ್ನೂ ಮಧ್ಯಾಹ್ನ ತಾರಸಿಯಲ್ಲಿ ಕಟ್ಟುವಂತಿಲ್ಲ. ಆದರೆ ಅದರ ಮೂತಿ ಉದ್ದ, ಉಸಿರಿನ ದಾರಿ ಸಲೀಸು. ನೆರಳು, ತಣ್ಣನೆ ನೆಲ, ಕುಡಿಯಲು ನೀರು ಇದ್ದರೆ ಕರೆಂಟ್ ಇಲ್ಲದ ಹೊತ್ತನ್ನು ಕಳೆದೀತು. ಸೆಕೆಯೆಂದು ಅದರ ಕೂದಲು ಬೋಳಿಸಬೇಡಿ. ಎರಡು ಪದರದ ಕೂದಲು ಬಿಸಿಲಿಗೂ ತಡೆ. ಬೋಳಿಸಿದರೆ ಮೊದಲಿನಂತೆ ಬೆಳೆಯದೆಯೂ ಇರಬಹುದು. ವಾರಕ್ಕೆ ಎರಡು, ಮೂರು ಸಲ ಬುಡದವರೆಗೆ ಬಾಚಿದರೆ ಸಾಕು.

ಆದ್ದರಿಂದ ಈ ಮನೆಗೆ ಸ್ಪಿಟ್ಜ್ ಎಂದೇ ಹೇಳಿದ್ದು. ಆಪ್ತಸಲಹೆಗಾರರು ಯಾರ ಪರವೂ ವಹಿಸಬಾರದು ಎಂದು ಈ ಸಲಹೆಗೆ ಆಕ್ಷೇಪಿಸಿದವರಿದ್ದಾರೆ. ಗಂಡ, ಹೆಂಡತಿಯ ನಡುವಿನ ಇಷ್ಟಾನಿಷ್ಟಕ್ಕೆ ಆ ಮಾತು ಸರಿ. ಉಸಿರುಗಟ್ಟುವ ಪ್ರಾಣಿಯ ವಿಷಯದಲ್ಲಿ ಮಧ್ಯಮ ನಿಲುವು ಎಂಬುದಿಲ್ಲ. ಮಡಿಕೇರಿಯ ಮನೆಯಾಗಿದ್ದರೆ, ಹಗಲೆಲ್ಲ ಗಟ್ಟಿಮುಟ್ಟಾದ ಒಬ್ಬರು ಇರುವಂತಿದ್ದರೆ, ಮಾತು ಬೇರೆಯಾಗುತ್ತಿತ್ತು. ಅಲ್ಲೂ ಪಗ್ ಮುಖದ ಮಡಿಕೆಗಳನ್ನು ದಿನಾ ಒರೆಸಿ ಒಣಗಿಸಬೇಕು, ಇಲ್ಲವಾದರೆ ಹುಣ್ಣಾಗಿ ನಾರುತ್ತದೆ. ತೂಕ ಏರಲು ಬಿಡಬಾರದು: ಕೈಯಾಡಿಸಿದಾಗ ಪಕ್ಕೆಲುಬು ಸಿಗಬೇಕು. ಕುತ್ತಿಗೆಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್.

ಸ್ಪಿಟ್ಜ್ ಕೂಡ ಪುಕ್ಕಟೆ ಸುಖವಲ್ಲ. ಅದು ಬೊಗಳುತ್ತದೆ, ಕೆಳಗೆ ಮಾಲೀಕರಿದ್ದಾರೆ. ಬೀದಿ ಕಾಣುವ ಕಿಟಕಿಯ ಕೆಳಗಿನರ್ಧ ಮುಚ್ಚಿ, ಕಿಟಕಿ ಪಕ್ಕದ ಸೋಫಾ ಸರಿಸಿ. ಬೆಲ್ ಆದಾಗ ಚಾಪೆಯ ಮೇಲೆ ಹೋಗಿ ಕೂತರೆ ತಿನಿಸು ಎಂಬ ಅಭ್ಯಾಸವನ್ನು ದಿನಾ ಐದೈದು ನಿಮಿಷ ಮಾಡಿಸಿ. ಬೇಕೆಂದೇ ಮಗನ ಕೈಲಿ ಬೆಲ್ ಒತ್ತಿಸಿ. ಗದರಬೇಡಿ, ನೀವೂ ಜೊತೆಗೆ ಬೊಗಳುತ್ತಿದ್ದೀರಿ ಎಂದೇ ಅದು ತಿಳಿಯುತ್ತದೆ.

ಮಗನಿಗೆ ಬೇಸರವಾದ ಸಲಹೆ ಇನ್ನೊಂದು: ಮರಿ ಬೇಡ, ಎರಡು ವರ್ಷ ದಾಟಿದ ನಾಯಿ ತನ್ನಿ. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ಕೇಂದ್ರ ನಿಯಮವೇ ಹೇಳುತ್ತದೆ. ಎಂಟು ವಾರದ ಮರಿಯೂ ಹಗಲಲ್ಲಿ ಎರಡು ಗಂಟೆಗೊಮ್ಮೆ ಉಚ್ಚೆಗೆ ಹೋಗಬೇಕು. ಆ ಮೆಟ್ಟಿಲನ್ನು ಹತ್ತಿ ಇಳಿಯುವವರು ಯಾರು? ಬೆಳೆದ ನಾಯಿಗೆ ಬೆಳಿಗ್ಗೆ ಆರಕ್ಕೆ, ಮಗ ಶಾಲೆಯಿಂದ ಬಂದ ಮೇಲೆ, ರಾತ್ರಿ ಒಂಬತ್ತಕ್ಕೆ ಹೊರಗೆ ಒಯ್ದರೆ ನಡೆಯುತ್ತದೆ. ನಾಲ್ಕರ ಬಿಸಿಲಿನಲ್ಲಿ ರಸ್ತೆಯ ಮೇಲೆ ಅಂಗೈಯ ಹಿಂಬದಿಯನ್ನು ಐದು ಸೆಕೆಂಡ್ ಇಡಲಾಗದಿದ್ದರೆ ಅಂಗಳದ ನೆರಳಲ್ಲೇ ಮುಗಿಸಬೇಕು. ಬೊಗಳುವ ಸ್ವಭಾವವೂ ಬೆಳೆದ ನಾಯಿಯಲ್ಲಿ ಮೊದಲೇ ಗೊತ್ತಾಗುತ್ತದೆ: ಎರಡು ಬಾರಿ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ನೋಡಿ, ಒಮ್ಮೆ ಅತ್ತೆಯನ್ನೂ ಕರೆದೊಯ್ಯಿರಿ. ರೇಬಿಸ್ ಲಸಿಕೆಯ ಕಾರ್ಡ್ ಕೇಳಿ, ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣೆಹುಳು ಇದೆಯೇ ನೋಡಿ, ತುಟಿ ಎತ್ತಿ ಹಲ್ಲು ನೋಡಿ.

ಗಂಡ ಪೂರ್ತಿ ಒಪ್ಪಿಲ್ಲ. ಮಳೆಗಾಲ ಶುರುವಾಗುವ ತನಕ ಯಾವ ನಾಯಿಯೂ ಬೇಡ ಎಂಬಷ್ಟಕ್ಕೆ ಮೂವರೂ ಒಪ್ಪಿ ಹೋಗಿದ್ದಾರೆ. ಅಷ್ಟರೊಳಗೆ ನಾಯಿ ಸಾಕಲು ಮನೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವ ಕೆಲಸ ಗಂಡನದು.