ತೂರಿದವರು ಒಬ್ಬರು, ರಾಶಿ ಇನ್ನೊಬ್ಬರದು

ಮಾನ್ಯರೆ,

ಶಿರಸಿಯಿಂದ ನೀವು ಬರೆದ ಎರಡು ಪುಟಗಳ ಕಾಗದ ಕೈಸೇರಿತು. ಕಳೆದ ಸಂಚಿಕೆಯಲ್ಲಿ ಇಟಲಿಯ 'ಪಿಯು ಯೂರೋಪಾ' ('ಇನ್ನಷ್ಟು ಯುರೋಪ್' ಎಂದರ್ಥ, ಯುರೋಪ್ ಒಕ್ಕೂಟದ ಪರವಾದ ಪಕ್ಷ) ಪಕ್ಷವನ್ನು ನಾವು 'ಸಣ್ಣದಾದರೂ ನಿಲುವುಳ್ಳ ಪಕ್ಷ' ಎಂದದ್ದು ನಿಮಗೆ ಹಿಡಿಸಿಲ್ಲ. "ಪ್ರತಿ ಚುನಾವಣೆಗೂ ಹೊಸ ನಂಟು ಹುಡುಕುವ ಪಕ್ಷಕ್ಕೆ ಎಂಥ ನಿಲುವು? ಗಾಳಿ ಬಂದಾಗ ತೂರಿಕೊಳ್ಳುವವರು ಇವರು" ಎಂದಿದ್ದೀರಿ. ನೂರಕ್ಕೆ ಮೂರು ಮತವೂ ಬಾರದವರನ್ನು ದೊಡ್ಡ ಪಕ್ಷಗಳು ಯಾಕೆ ಹತ್ತಿರ ಬಿಟ್ಟುಕೊಳ್ಳುತ್ತವೆ ಎಂದೂ ಕೇಳಿದ್ದೀರಿ. ಮೊದಲು ಈ ಪ್ರಶ್ನೆಗೆ ಉತ್ತರಿಸುತ್ತೇನೆ, ಆಕ್ಷೇಪಣೆಗೂ ಅಲ್ಲೇ ಅರ್ಧ ಉತ್ತರವಿದೆ.

2017ರ ಚುನಾವಣಾ ಕಾಯ್ದೆಯಂತೆ ಇಟಲಿಯ ಸಂಸತ್ತಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಸ್ಥಾನಗಳಿಗೆ ನಮ್ಮಲ್ಲಿಯಂತೆ ಕ್ಷೇತ್ರಕ್ಕೊಬ್ಬರನ್ನು ಆರಿಸುತ್ತಾರೆ. ಉಳಿದವು ಪಕ್ಷದ ಪಟ್ಟಿಗೆ ಬಿದ್ದ ಮತದ ಪ್ರಮಾಣದಲ್ಲಿ ಹಂಚಿಕೆಯಾಗುತ್ತವೆ. ಆ ಪಾಲು ಸಿಗಬೇಕಾದರೆ ಪಟ್ಟಿಗೆ ಕನಿಷ್ಠ ಶೇ. 3 ಮತ ಬೇಕು. ಮೈತ್ರಿಕೂಟದೊಳಗಿನ ಪಕ್ಷವೊಂದು ಶೇ. 1 ದಾಟಿ 3 ಮುಟ್ಟದೆ ಹೋದರೆ? ಅದರ ಮತಗಳು ಹಾಳಾಗುವುದಿಲ್ಲ, ಕೂಟದ ಲೆಕ್ಕಕ್ಕೆ ಸೇರಿ ದೊಡ್ಡಣ್ಣನ ಪಾಲಾಗುತ್ತವೆ. ಶೇ. 2.8 ತರುವ ಜೊತೆಗಾರನಿಗಿಂತ ಲಾಭದ ಜೊತೆಗಾರ ಇನ್ನೊಬ್ಬನಿಲ್ಲ. ನಿಮ್ಮ ಗಾದೆಯನ್ನೇ ಇಟ್ಟುಕೊಂಡರೆ, ಇವರು ತೂರಿದ್ದು ನಿಜ, ಕಾಳು ಬಿದ್ದದ್ದು ಮಾತ್ರ ಪಕ್ಕದವರ ರಾಶಿಗೆ.

ಪಕ್ಷ ಹುಟ್ಟಿದ್ದು 2017ರ ನವೆಂಬರಿನಲ್ಲಿ, ಎಮ್ಮಾ ಬೊನಿನೊ ಅವರ ಸುತ್ತ. ವಿಚ್ಛೇದನ, ಗರ್ಭಪಾತಗಳ ಹಕ್ಕಿಗಾಗಿ ಎಪ್ಪತ್ತರ ದಶಕದಿಂದ ಬೀದಿಯಲ್ಲಿ ನಿಂತ ರ‍್ಯಾಡಿಕಲ್ ಪರಂಪರೆಯ ಹೆಣ್ಣುಮಗಳು ಆಕೆ. ಮುಂದೆ ಯುರೋಪಿಯನ್ ಕಮಿಷನರ್ ಆದರು, ವಿದೇಶಾಂಗ ಸಚಿವೆಯೂ ಆದರು. (ಅವರ ಹಳೆಯ ಟ್ರಾನ್ಸ್‌ನ್ಯಾಷನಲ್ ರ‍್ಯಾಡಿಕಲ್ ಪಕ್ಷದ ಚಿಹ್ನೆ ನಮ್ಮ ಗಾಂಧೀಜಿಯ ಮುಖ. ಉಪವಾಸ ಸತ್ಯಾಗ್ರಹ ಅವರಿಗೆ ದಿನನಿತ್ಯದ ಆಯುಧವಾಗಿತ್ತು.) ಹೊಸ ಪಕ್ಷ ಕಣಕ್ಕಿಳಿಯಲು ಸಾವಿರಾರು ಸಹಿ ಕೂಡಿಸಬೇಕಿತ್ತು, ಸಮಯವಿರಲಿಲ್ಲ. 2018ರ ಜನವರಿಯಲ್ಲಿ ಹಳೆಯ ಕ್ರಿಶ್ಚಿಯನ್ ಡೆಮಾಕ್ರಟ್ ಬ್ರೂನೊ ತಬಾಚ್ಚಿ ತಮ್ಮ ಪುಟ್ಟ ಪಕ್ಷಕ್ಕಿದ್ದ ಸಹಿ ವಿನಾಯಿತಿಯನ್ನು ಇವರಿಗೂ ಒದಗಿಸಿದರು. ಗರ್ಭಪಾತದ ಹಕ್ಕಿನ ಹೋರಾಟಗಾರ್ತಿಗೆ ಕ್ಯಾಥೊಲಿಕ್ ರಾಜಕಾರಣಿಯ ಆಸರೆ! ನೀವು ಇದನ್ನು ಅವಕಾಶವಾದ ಎನ್ನಬಹುದು. ಆ ಆಸರೆಯಿಲ್ಲದೆ ಮತಪತ್ರದಲ್ಲಿ ಹೆಸರೇ ಇರುತ್ತಿರಲಿಲ್ಲವಲ್ಲ ಎಂದು ನನಗನ್ನಿಸುತ್ತದೆ. ಎಡ-ಮಧ್ಯಮ ಪಂಥದ ದೊಡ್ಡ ಪಕ್ಷವಾದ ಡೆಮಾಕ್ರಟಿಕ್ ಪಕ್ಷದ ಕೂಟದಲ್ಲಿ ನಿಂತರು, ಬಂದದ್ದು ಶೇ. 2.56. ಆದರೂ ಬೊನಿನೊ ರೋಮ್‌ನ ಒಂದು ಕ್ಷೇತ್ರದಿಂದ ನೇರವಾಗಿ ಗೆದ್ದು ಸೆನೆಟ್‌ಗೆ ಹೋದರು.

"ಧೈರ್ಯವಿದ್ದರೆ ದೊಡ್ಡವರ ನೆರಳಿಲ್ಲದೆ ನಿಲ್ಲಲಿ" ಎಂಬ ನಿಮ್ಮ ಸವಾಲನ್ನು ಅವರು 2019ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಒಪ್ಪಿಕೊಂಡಿದ್ದರು. ಶೇ. 3.1 ಬಂತು. ಅಲ್ಲಿ ಹೊಸ್ತಿಲು ಶೇ. 4.

ನನ್ನನ್ನು ಕಾಡುವುದು 2022ರ ಆಗಸ್ಟ್‌ನ ಒಂದು ವಾರ. ಪಿಯು ಯೂರೋಪಾ ಆಗ ಕಾರ್ಲೊ ಕಲೆಂಡಾ ಅವರ 'ಅತ್ಸಿಯೋನೆ' ಪಕ್ಷದ ಜೊತೆಗಿತ್ತು. ಆಗಸ್ಟ್ 2ರಂದು ಇಬ್ಬರೂ ಸೇರಿ ಡೆಮಾಕ್ರಟಿಕ್ ಪಕ್ಷದ ಎನ್ರಿಕೊ ಲೆಟ್ಟಾ ಜೊತೆ ಒಪ್ಪಂದ ಮಾಡಿಕೊಂಡರು. 6ರಂದು ಲೆಟ್ಟಾ ಹಸಿರು ಪಕ್ಷವನ್ನೂ, ಅಂದಿನ ಪ್ರಧಾನಿ ಮಾರಿಯೊ ದ್ರಾಘಿ ಅವರ ಸರ್ಕಾರವನ್ನು ವಿರೋಧಿಸಿದ್ದ ಎಡಪಕ್ಷವನ್ನೂ ಕೂಟಕ್ಕೆ ಕರೆತಂದರು. 7ರಂದು ಕಲೆಂಡಾ ಎದ್ದು ಹೊರನಡೆದರು. ಬೊನಿನೊ ಬಳಗ ಕೊಟ್ಟ ಮಾತಿಗೆ ಕಟ್ಟುಬಿದ್ದು ಅಲ್ಲೇ ಉಳಿಯಿತು. ನಿಲುವು ಎಂದು ನಾವು ಬರೆದದ್ದು ಇದನ್ನೇ. ಬೆಲೆಯನ್ನೂ ತೆತ್ತರು. ರೋಮ್‌ನ ಸೆನೆಟ್ ಕ್ಷೇತ್ರದಲ್ಲಿ ಬೊನಿನೊ ಎದುರು ಕಲೆಂಡಾ ಅವರೇ ನಿಂತರು. ಬಲಪಂಥದ ಅಭ್ಯರ್ಥಿ ಗೆದ್ದರು, ಬೊನಿನೊ ಎರಡನೆಯವರು, ಕಲೆಂಡಾ ಮೂರನೆಯವರು. ದೇಶದಾದ್ಯಂತ ಪಕ್ಷಕ್ಕೆ ಬಿದ್ದದ್ದು ಶೇ. 2.83. ಶೇ. 3 ಮುಟ್ಟಲು ಸುಮಾರು ಐವತ್ತು ಸಾವಿರ ಮತ ಕಡಿಮೆಬಿತ್ತು.

ಆದರೆ 2024ರ ಯುರೋಪಿಯನ್ ಪಾರ್ಲಿಮೆಂಟ್ ಚುನಾವಣೆಯ ಬಗ್ಗೆ ನಿಮ್ಮ ಸಿಟ್ಟು ನ್ಯಾಯವೇ, ಅಲ್ಲಿ ನಾನು ಅವರ ವಕಾಲತ್ತು ವಹಿಸಲಾರೆ. ಯುರೋಪಿನ ಪರ ಎಂದು ಹೇಳಿಕೊಳ್ಳುವ ಮಧ್ಯಮಾರ್ಗಿಗಳು ಎರಡು ಪಟ್ಟಿಯಾಗಿ ನಿಂತರು. ಬೊನಿನೊ ಬಳಗ ಹಿಂದೆ ಪ್ರಧಾನಿಯಾಗಿದ್ದ ಮತ್ತೆಯೋ ರೆಂಜಿ ಜೊತೆ ಸೇರಿ 'ಯುರೋಪ್ ಸಂಯುಕ್ತ ಸಂಸ್ಥಾನ' ಎಂಬ ಹೆಸರಿಟ್ಟುಕೊಂಡು ಶೇ. 3.77 ಪಡೆಯಿತು. ಕಲೆಂಡಾ ಶೇ. 3.35 ಪಡೆದರು. ಕೂಡಿಸಿದರೆ ಏಳು ದಾಟುತ್ತದೆ. ಇಟಲಿಯ 76 ಸ್ಥಾನಗಳಲ್ಲಿ ಇವರಿಗೆ ಬಂದದ್ದು ಸೊನ್ನೆ. ರೆಂಜಿ-ಕಲೆಂಡಾ ಮುನಿಸು 2023ರಲ್ಲೇ ಬೀದಿಗೆ ಬಂದಿತ್ತು, ಅದರ ಮುಂದೆ ಯುರೋಪ್ ಹಿಂದೆ ಸರಿಯಿತು. ಇಡೀ ಖಂಡವನ್ನು ಒಂದುಗೂಡಿಸುತ್ತೇವೆ ಎಂದವರಿಗೆ ಒಂದೇ ಪಟ್ಟಿಯಲ್ಲಿ ಕೂರಲು ಆಗಲಿಲ್ಲ.

ಹಾಗಾದರೆ ಸಾಧಿಸಿದ್ದೇನು ಎಂದಿದ್ದೀರಿ. ಪೌರತ್ವಕ್ಕೆ ಬೇಕಾದ ವಾಸದ ಅವಧಿಯನ್ನು 10 ವರ್ಷದಿಂದ 5ಕ್ಕೆ ಇಳಿಸುವ ಜನಮತಗಣನೆಯನ್ನು 2025ರ ಜೂನ್‌ವರೆಗೆ ತಂದು ನಿಲ್ಲಿಸಿದವರಲ್ಲಿ ಈ ಪಕ್ಷದ ರಿಕ್ಕಾರ್ದೊ ಮಾಜಿ (Riccardo Magi) ಮುಂದಿದ್ದರು. ಮತಗಟ್ಟೆಗೆ ಅರ್ಧದಷ್ಟು ಜನ ಬರಬೇಕಿತ್ತು, ಬಂದವರು ಶೇ. 30ರ ಆಸುಪಾಸು. ಅದೂ ಬಿದ್ದುಹೋಯಿತು.

ಕೊನೆಯದಾಗಿ, ನೀವು ಹಿಡಿದ ಅಚ್ಚಿನ ತಪ್ಪು. 2022ರ ಮತಪ್ರಮಾಣವನ್ನು ನಾವು ಶೇ. 2.38 ಎಂದು ಅಚ್ಚು ಮಾಡಿದ್ದೆವು, ಅದನ್ನು 2.83 ಎಂದು ತಿದ್ದಿಕೊಳ್ಳಬೇಕು. ನಿಜಕ್ಕೂ 2.38 ಆಗಿದ್ದರೆ ಅವರಿಗೂ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

– ಸಂ.