25,000 ರೂಪಾಯಿಯಲ್ಲಿ ಮೊದಲು ಬದಲಿಸಬೇಕಾದದ್ದು ಯಾವುದು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಹೆಚ್ಚಾಗಿ ಕೇಳುವುದು ಹಿಂದೂಸ್ತಾನಿ ಗಾಯನ. ಮನೆಯಲ್ಲಿ 2006ರಲ್ಲಿ ಕೊಂಡ, ಪ್ರತಿ ಚಾನೆಲ್ಲಿಗೆ 40 ವಾಟ್ ಕೊಡುವ ಆಂಪ್ಲಿಫೈಯರ್, ಸಿ.ಡಿ. ಹಾಕಲು ಒಂದು ಡಿ.ವಿ.ಡಿ. ಪ್ಲೇಯರ್ ಮತ್ತು ನಾಲ್ಕು ಅಂಗುಲದ ವೂಫರ್ (ಮಂದ್ರ ಸ್ವರಗಳನ್ನು ನುಡಿಸುವ ದೊಡ್ಡ ಕೋನು) ಇರುವ ಎರಡು ಸಣ್ಣ ಸ್ಪೀಕರುಗಳಿವೆ. ಕೋಣೆ 10 ಅಡಿಗೆ 12 ಅಡಿ. ಸ್ಪೀಕರುಗಳನ್ನು ಗೋಡೆಯ ಶೋಕೇಸಿನಲ್ಲಿ ಇಟ್ಟಿದ್ದೇನೆ. ತಂಬೂರಿಯ ಝೇಂಕಾರ ಕಿವಿಗೆ ಬೀಳುವುದೇ ಇಲ್ಲ, ತಬಲಾ ಜೋಡಿಯ ಡಗ್ಗಾ ಮಾತ್ರ ಗುಂಯ್ ಎನ್ನುತ್ತದೆ. ಅಂಗಡಿಯವರು ಆಂಪ್ಲಿಫೈಯರ್ ಬದಲಿಸಿ ಎನ್ನುತ್ತಾರೆ, ನಮ್ಮ ಅಳಿಯಂದಿರು ಡ್ಯಾಕ್ (ಸಿ.ಡಿ.ಯ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿಸುವ ಉಪಕರಣ) ತರೋಣ ಎನ್ನುತ್ತಾರೆ. ನನ್ನ ಕೈಯಲ್ಲಿರುವುದು 25,000 ರೂಪಾಯಿ. ಮೊದಲು ಯಾವುದನ್ನು ಬದಲಿಸಲಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಅಂಗಡಿಯವರ ಮಾತನ್ನೂ ಅಳಿಯಂದಿರ ಮಾತನ್ನೂ ಸದ್ಯಕ್ಕೆ ಬದಿಗಿಟ್ಟು, ಪರಿಚಿತರಿಂದ ಒಂದು ಒಳ್ಳೆಯ ಹೆಡ್‌ಫೋನನ್ನು ಒಂದು ಸಂಜೆಯ ಮಟ್ಟಿಗೆ ಕೇಳಿ ತನ್ನಿ. ಅದನ್ನು ನಿಮ್ಮ ಆಂಪ್ಲಿಫೈಯರಿನ ಹೆಡ್‌ಫೋನ್ ಕಿಂಡಿಗೆ ಸಿಕ್ಕಿಸಿ, ತಂಬೂರಿ ಕೇಳದೆ ನಿಮಗೆ ಬೇಸರ ತಂದ ಅದೇ ಸಿ.ಡಿ.ಯನ್ನು ಹಾಕಿ ಕೇಳಿ. ಝೇಂಕಾರ ಅಲ್ಲಿ ಸ್ಪಷ್ಟವಾಗಿ ಕೇಳಿಸಿತೆಂದರೆ ಡಿಸ್ಕಿನಲ್ಲಿ ಅದು ಇದೆ, ಪ್ಲೇಯರ್ ಅದನ್ನು ಓದುತ್ತಿದೆ, ಮತ್ತು ಅದು ಕಳೆದುಹೋಗುತ್ತಿರುವುದು ಆ ಕಿಂಡಿಯಿಂದ ಮುಂದಿನ ಹಾದಿಯಲ್ಲಿ ಎಂದು ಒಂದು ರೂಪಾಯಿಯೂ ಖರ್ಚಿಲ್ಲದೆ ತಿಳಿದಂತಾಯಿತು. ಹಲವು ಹಳೆಯ ಆಂಪ್ಲಿಫೈಯರುಗಳಲ್ಲಿ ಸ್ಪೀಕರಿಗೆ ಹೋಗುವ ಸಂಕೇತವನ್ನೇ ಕುಗ್ಗಿಸಿ ಈ ಕಿಂಡಿಗೆ ಕೊಟ್ಟಿರುತ್ತಾರೆ. ನಿಮ್ಮದೂ ಹಾಗಿದ್ದರೆ ಆಂಪ್ಲಿಫೈಯರೂ ಈ ಪರೀಕ್ಷೆಯಲ್ಲಿ ಪಾಸಾದಂತೆಯೇ. ಹೆಡ್‌ಫೋನಿನಲ್ಲಿಯೂ ಕೇಳಿಸದಿದ್ದರೆ ಬೇರೆ ಡಿಸ್ಕ್ ಹಾಕಿ ನೋಡಿ. ಒಂದು ಬದಿಗೆ ಮೂರು ನಿಮಿಷ ಹಿಡಿಸುತ್ತಿದ್ದ 78 ಆರ್.ಪಿ.ಎಂ. ತಟ್ಟೆಗಳಿಂದ ಸಿ.ಡಿ.ಗೆ ಇಳಿಸಿದ ಧ್ವನಿಮುದ್ರಣವಾಗಿದ್ದರೆ, ಅದರಲ್ಲಿ ದಾಖಲಾಗದ ತಂಬೂರಿಯನ್ನು ಯಾವ ಉಪಕರಣವೂ ಹುಟ್ಟಿಸಲಾರದು.

ನಿಮ್ಮ ಪತ್ರವನ್ನು ಓದಿದಾಗ ನನಗೆ ಮೊದಲು ಅನುಮಾನ ಬಂದದ್ದು ಶೋಕೇಸಿನ ಮೇಲೆ. ಮೂರು ಕಡೆ ಮುಚ್ಚಿದ ಗೂಡಿನಲ್ಲಿ, ಗೋಡೆಗೆ ಒತ್ತಿಕೊಂಡಂತೆ ಇಟ್ಟ ಸ್ಪೀಕರಿನ ಮಂದ್ರ ಸ್ವರಗಳು ಆ ಗೋಡೆ ಹಲಗೆಗಳಿಂದಾಗಿ ಉಬ್ಬುತ್ತವೆ. ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯ ರಂಧ್ರವಿದ್ದರಂತೂ ಹೇಳುವುದೇ ಬೇಡ. ಡಗ್ಗಾ ಗುಂಯ್ ಎನ್ನುವುದಕ್ಕೆ ಇದಕ್ಕಿಂತ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ. ಇನ್ನು ತಂಬೂರಿ. ಮಿರಜಿನ ಕುಶಲಿಗಳು ತಂತಿಗಳನ್ನು ಹೊರುವ ಕುದುರೆಯ ಮೇಲೆ ಎಳೆಯಷ್ಟು ದಾರವಿಟ್ಟು ಹೊಂದಿಸುವ, ಜವಾರಿ ಎನ್ನುವ ಆ ಝೇಂಕಾರದ ಮಿನುಗು ಬಹುಮಟ್ಟಿಗೆ ಸಾವಿರಾರು ಹರ್ಟ್ಸ್‌ನ ಮೇಲುಸ್ವರಗಳಲ್ಲಿದೆ, ಅದನ್ನು ನುಡಿಸುವುದು ಸ್ಪೀಕರಿನಲ್ಲಿರುವ ಟ್ವೀಟರ್ ಎಂಬ ಪುಟ್ಟ ಭಾಗ, ಮತ್ತು ಟ್ವೀಟರಿನ ಧ್ವನಿ ಟಾರ್ಚಿನ ಬೆಳಕಿನಂತೆ ನೇರಕ್ಕೆ ಹೋಗುತ್ತದೆ. ಸ್ಪೀಕರ್ ತಲೆಯ ಮೇಲಿನ ಎತ್ತರದಲ್ಲಿದ್ದರೆ ಆ ಮಿನುಗು ನಿಮ್ಮನ್ನು ಮುಟ್ಟದೆ ಎದುರಿನ ಗೋಡೆಗೆ ಬಡಿಯುತ್ತದೆ.

ಆದ್ದರಿಂದ ಸ್ಪೀಕರುಗಳನ್ನು ಇಂದೇ ಕೆಳಗಿಳಿಸಿ ಎರಡು ಗಟ್ಟಿ ಸ್ಟೂಲುಗಳ ಮೇಲೆ, ಗೋಡೆಯಿಂದ ಒಂದೂವರೆ ಅಡಿ ಮುಂದೆ, ಒಂದರಿಂದೊಂದು ಆರು ಅಡಿ ದೂರದಲ್ಲಿ ಇಡಿ, ಮತ್ತು ನೀವೂ ಎರಡರಿಂದಲೂ ಅಷ್ಟೇ ದೂರದಲ್ಲಿ ಕುಳಿತುಕೊಳ್ಳಿ. ಟ್ವೀಟರ್ ನಿಮ್ಮ ಕಿವಿಯ ಮಟ್ಟಕ್ಕೆ ಬರಬೇಕು. ಕುರ್ಚಿಯಲ್ಲಿ ಕುಳಿತು ಕೇಳುವವರಿಗೆ ಬೇಕಾದ ಎತ್ತರ ಬೇರೆ, ಬೈಠಕ್ಕಿನಲ್ಲಿ ಕುಳಿತಂತೆ ನೆಲದ ಮೇಲೆ ಕೇಳುವವರಿಗೆ ಬೇರೆ. ನಿಮ್ಮ ಬೆನ್ನು ಗೋಡೆಗೆ ತಾಗಿರಬಾರದು. 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸ್‌ಗೆ, ಮತ್ತೆ ಅದರ ದುಪ್ಪಟ್ಟಿಗೆ ತಾನೇ ಅನುರಣಿಸುತ್ತದೆ, ಆ ಅನುರಣನ ಗೋಡೆಯ ಬಳಿಯಲ್ಲೇ ಅತಿ ಹೆಚ್ಚು. ನೆಲ ಬರಿಯ ಟೈಲ್ಸ್ ಆಗಿದ್ದರೆ ಸ್ಪೀಕರಿಗೂ ನಿಮಗೂ ನಡುವೆ ಒಂದು ದಪ್ಪ ಜಮಖಾನೆ ಹಾಸಿ. ನವಲಗುಂದದ ಜಮಖಾನೆ ನಿಮ್ಮ ಜಿಲ್ಲೆಯಲ್ಲೇ ನೇಯುವಂಥದು. ಈ ಕೆಲಸಕ್ಕೆ ಅದನ್ನು ಶಿಫಾರಸು ಮಾಡುವುದರಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಹೀಗೆ ಇಟ್ಟು ಒಂದು ವಾರ ಕೇಳಿ. ಆಗಲೂ ತೃಪ್ತಿಯಾಗದಿದ್ದರೆ ಹಣವನ್ನು ಸ್ಪೀಕರುಗಳಿಗೆ ಹಾಕಿ. ಆಂಪ್ಲಿಫೈಯರಿಗಾಗಲಿ ಡ್ಯಾಕಿಗಾಗಲಿ ಅಲ್ಲ ಎನ್ನುವುದಕ್ಕೆ ಕಾರಣವಿದೆ. ಸುಸ್ಥಿತಿಯಲ್ಲಿರುವ ಸಾಧಾರಣ ಪ್ಲೇಯರ್ ಮತ್ತು ಆಂಪ್ಲಿಫೈಯರುಗಳು ಸಂಕೇತದಲ್ಲಿ ಉಂಟುಮಾಡುವ ವಿಕಾರ ಮನೆಯಲ್ಲಿ ಕೇಳುವ ಮಟ್ಟದಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ, ಕಾಗದದ ಕೋನನ್ನು ಹಿಂದೆ ಮುಂದೆ ತಳ್ಳಿ ಗಾಳಿಯನ್ನು ಅಲುಗಿಸಬೇಕಾದ ಸ್ಪೀಕರಿನಲ್ಲಾದರೋ ಮಂದ್ರದಲ್ಲಿ ಅದು ಸುಲಭವಾಗಿ ಶೇಕಡಾ 1ನ್ನು ಮೀರುತ್ತದೆ. ಸಿ.ಡಿ.ಯ ಅಂಕಿಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಡ್ಯಾಕ್ ನಿಮ್ಮ ಡಿ.ವಿ.ಡಿ. ಪ್ಲೇಯರಿನ ಒಳಗೇ ಇದೆ. ಹೊಸದೊಂದನ್ನು ತಂದರೆ ಆಗುವ ವ್ಯತ್ಯಾಸ, ಆದರೂ, ಸ್ಪೀಕರನ್ನು ಅರ್ಧ ಅಡಿ ಸರಿಸಿದಾಗ ಆಗುವ ವ್ಯತ್ಯಾಸಕ್ಕಿಂತ ಸಣ್ಣದು. ಅಳಿಯಂದಿರಿಗೆ ಇದನ್ನು ಹೇಗೆ ತಿಳಿಸುವುದೆಂಬುದನ್ನು ನಿಮಗೇ ಬಿಡುತ್ತೇನೆ.

ಆಂಪ್ಲಿಫೈಯರಿನ ವಿಷಯದಲ್ಲಿ ವಾಟ್‌ಗಳ ಲೆಕ್ಕ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. 40 ವಾಟ್‌ನ ಜಾಗಕ್ಕೆ 80 ವಾಟ್ ತಂದರೆ ಸಿಗುವ ಹೆಚ್ಚಳ 3 ಡೆಸಿಬೆಲ್ ಮಾತ್ರ. ಧ್ವನಿ ಎರಡರಷ್ಟಾಯಿತು ಎಂದು ಕಿವಿಗೆ ಅನ್ನಿಸಲು ಸುಮಾರು 10 ಡೆಸಿಬೆಲ್, ಅಂದರೆ ಹತ್ತು ಪಟ್ಟು ವಾಟ್ ಬೇಕು. 86 ಡೆಸಿಬೆಲ್ ಸೂಕ್ಷ್ಮತೆಯ ಸ್ಪೀಕರ್ ಒಂದೇ ವಾಟ್‌ನಲ್ಲಿ ಒಂದು ಮೀಟರ್ ದೂರಕ್ಕೆ 86 ಡೆಸಿಬೆಲ್ ಕೊಡುತ್ತದೆ, ಮತ್ತು ಅಷ್ಟು ಸದ್ದಿನಲ್ಲಿ ಪಕ್ಕದವರೊಡನೆ ಮಾತನಾಡಲು ನೀವು ದನಿ ಏರಿಸಲೇಬೇಕು. ಒಂದು ಚಾನೆಲ್ ಆಗಾಗ ನಿಂತುಹೋಗುವುದು, ಸ್ಪೀಕರಿನಿಂದ ಸದಾ ಹಮ್ಮಿನ ಸದ್ದು ಬರುವುದು, ಇವು ಇದ್ದರೆ ಮಾತ್ರ ಆಂಪ್ಲಿಫೈಯರನ್ನು ರಿಪೇರಿಗೆ ಕೊಡಿ. ವಾಲ್ಯೂಮ್ ಗುಂಡಿ ತಿರುಗಿಸಿದಾಗ ಗರಗರ ಎಂದರೆ ಅದಕ್ಕೆ ಬೇಕಾದದ್ದು ಶುಚಿ ಮಾಡುವ ಒಂದು ಡಬ್ಬಿ ಸ್ಪ್ರೇ.

ಸ್ಪೀಕರುಗಳಿಗೆ 20,000 ರೂಪಾಯಿ ಇಟ್ಟುಕೊಂಡು ಐದೂವರೆಯಿಂದ ಆರೂವರೆ ಅಂಗುಲದ ವೂಫರ್ ಇರುವ ಜೋಡಿಯನ್ನು ನೋಡಿ. ಕಪ್ಪು ಒಂದರಲ್ಲಿ (ಹಾರ್ಮೋನಿಯಮ್ಮಿನ ಮೊದಲ ಕಪ್ಪು ಮನೆಯ ಶ್ರುತಿಯಲ್ಲಿ) ಹಾಡುವ ಗಾಯಕರ ತಂಬೂರಿಯ ಖರ್ಜದ, ಅಂದರೆ ಅತಿ ಮಂದ್ರದ, ತಂತಿ ಸುಮಾರು 69 ಹರ್ಟ್ಸ್‌ನಲ್ಲಿ ನುಡಿಯುತ್ತದೆ. ನಾಲ್ಕು ಅಂಗುಲದ ವೂಫರುಗಳು ಸಾಮಾನ್ಯವಾಗಿ ಆ ಹೊತ್ತಿಗೆ ಸೋಲಲು ಶುರುಮಾಡಿರುತ್ತವೆ. ನಿಮ್ಮ ಕೋಣೆಗೆ ನೆಲದಿಂದ ಎದ್ದುನಿಲ್ಲುವ ಟವರ್ ಸ್ಪೀಕರು ಬೇಡ. ಆಂಪ್ಲಿಫೈಯರಿನ ಹಿಂಬದಿಯಲ್ಲಿ ಸ್ಪೀಕರಿಗೆ ಎಷ್ಟು ಓಮ್ (ವಿದ್ಯುತ್ ತಡೆಯ ಅಳತೆ) ಎಂದು ಬರೆದಿದೆಯೋ ನೋಡಿಕೊಂಡು ಹೋಗಿ. ಅದಕ್ಕಿಂತ ಕಡಿಮೆ ಓಮ್‌ನ ಸ್ಪೀಕರನ್ನು ಕೊಳ್ಳಬೇಡಿ. ಅಂಗಡಿಗೆ ನಿಮ್ಮದೇ ಡಿಸ್ಕನ್ನು ಒಯ್ಯಿರಿ, ಎರಡು ಜೋಡಿಗಳನ್ನು ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಲೆಂದು ಪಟ್ಟು ಹಿಡಿಯಿರಿ, ಏಕೆಂದರೆ ಒಂದಿಷ್ಟು ಜೋರಾಗಿ ನುಡಿಯುವುದೇ ಕಿವಿಗೆ ಚೆಂದ ಅನ್ನಿಸುತ್ತದೆ, ಮತ್ತು ಇದು ಮಾರುವವರಿಗೆ ಚೆನ್ನಾಗಿ ಗೊತ್ತಿದೆ. ಉಳಿದ 5,000 ರೂಪಾಯಿಯಲ್ಲಿ ಬಡಗಿಯಿಂದ ಎರಡು ಸ್ಟ್ಯಾಂಡ್ ಮಾಡಿಸಿ. ವೈರಿಗೆ ಹೆಚ್ಚು ಸುರಿಯಬೇಡಿ: ಕರೆಂಟ್ ಸಾಮಾನಿನ ಅಂಗಡಿಯಲ್ಲಿ ಸಿಗುವ 2.5 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ ಐದು ಮೀಟರ್ ದೂರಕ್ಕೆ ಹೋಗಿ ಬರುವ ಹಾದಿಯ ತಡೆ 0.07 ಓಮ್ ಮಾತ್ರ, 8 ಓಮ್‌ನ ಸ್ಪೀಕರಿನೆದುರು ಅದು ಲೆಕ್ಕಕ್ಕಿಲ್ಲ.

ಪ್ರಶ್ನೆ: ‘ಮೊದಲು ಮೂಲವನ್ನು, ಅಂದರೆ ಪ್ಲೇಯರನ್ನು, ಸುಧಾರಿಸಿ, ಸ್ಪೀಕರನ್ನು ಕೊನೆಗೆ ನೋಡಿ’ ಎಂದು ಹಿರಿಯ ಸ್ನೇಹಿತರು ಹೇಳುತ್ತಾರೆ. ನನ್ನಲ್ಲಿರುವುದು ತಂದೆಯವರ ಕಾಲದ ರೆಕಾರ್ಡ್ ಪ್ಲೇಯರ್. ಹಾಡಿನಲ್ಲಿ ‘ಸ’ಕಾರ ಬಂದಾಗಲೆಲ್ಲ ಸೀಳಿದಂತಾಗುತ್ತದೆ.
— ಓದುಗರೊಬ್ಬರು, ಮೈಸೂರು

ಉತ್ತರ: ಆ ಮಾತನ್ನು 1970ರ ದಶಕದಲ್ಲಿ ಬಲವಾಗಿ ಪ್ರಚಾರ ಮಾಡಿದವರು ಸ್ಕಾಟ್ಲೆಂಡಿನ ಲಿನ್ ಎಂಬ ಟರ್ನ್‌ಟೇಬಲ್ ತಯಾರಕರು. ತಟ್ಟೆಯ ಗೀರಿನಿಂದ ಸೂಜಿ ಎತ್ತಿಕೊಳ್ಳದೆ ಬಿಟ್ಟದ್ದನ್ನು ಮುಂದಿನ ಯಾವ ಉಪಕರಣವೂ ತುಂಬಿಕೊಡಲಾರದು ಎಂಬ ಅವರ ವಾದ ರೆಕಾರ್ಡುಗಳ ಮಟ್ಟಿಗೆ ಸರಿ, ಸಿ.ಡಿ.ಗೆ ಅದನ್ನು ಹಾಗೆಯೇ ಅನ್ವಯಿಸಲು ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಮೊದಲು ಬದಲಿಸಬೇಕಾದದ್ದು ಸೂಜಿ. ವಜ್ರದ ಸೂಜಿಯೂ ಸಾಮಾನ್ಯವಾಗಿ 500ರಿಂದ 1,000 ಗಂಟೆಗಳಲ್ಲಿ ಸವೆಯುತ್ತದೆ, ತಂದೆಯವರ ಕಾಲದ್ದು ಎಷ್ಟು ಗಂಟೆ ಓಡಿದೆಯೋ ಬಲ್ಲವರಿಲ್ಲ. ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ಜಿನ ಮೇಲಿರುವ ಮಾದರಿ ಸಂಖ್ಯೆಯನ್ನು ಬರೆದುಕೊಂಡು ಅದಕ್ಕೆ ಹೊಂದುವ ಸೂಜಿಯನ್ನೇ ತರಿಸಿ, ಎಲ್.ಪಿ.ಗೆ ತಂದ ಸೂಜಿಯಲ್ಲಿ 78ರ ತಟ್ಟೆಗಳನ್ನು ಹಾಕಬೇಡಿ, ಅವುಗಳ ಗೀರು ಅಗಲವಾದ್ದರಿಂದ ಅವಕ್ಕೆ ಬೇರೆಯದೇ ಸೂಜಿ ಬೇಕು. ಸವೆದ ಸೂಜಿ ಗೀರಿನ ಗೋಡೆಯನ್ನೇ ಕೆರೆಯುತ್ತದೆ, ಆ ಹಾನಿ ಸರಿಹೋಗುವಂಥದಲ್ಲ. ಆದ್ದರಿಂದ ಹೊಸದು ಕೈಗೆ ಬರುವವರೆಗೆ ರೆಕಾರ್ಡುಗಳನ್ನು ಹಾಕದೆ ಹಾಗೆಯೇ ಇಟ್ಟಿರಿ.