ಹಳೆ ತೊಟ್ಟಿ ಮನೆಯನ್ನ ಒಡೆಯದೆ ಈಗಿನ ಸಂಸಾರಕ್ಕೆ ಹೊಂದಿಸಬಹುದಾ?

ಮೈಸೂರಿನ ಅಗ್ರಹಾರದಲ್ಲಿ ತಾತನ ಕಾಲದ ಮನೆ, 20 ಅಡಿ ಅಗಲ, 90 ಅಡಿ ಉದ್ದ, ಎರಡೂ ಪಕ್ಕ ಜಂಟಿ ಗೋಡೆ, ನಡುವೆ ಮೇಲೆ ಬಯಲಾಗಿರೋ ಅಂಗಳ, ಅಂದರೆ ತೊಟ್ಟಿ. ಮೂರು ಅಟ್ಯಾಚ್ಡ್ ಬಾತ್‌ರೂಮ್, ದೊಡ್ಡ ಅಡುಗೆಮನೆ, ಮಹಡಿ ಮೇಲೆ ಮಕ್ಕಳಿಗೊಂದು ರೂಮು ಬೇಕು. ಎಂಜಿನಿಯರ್ ಬಂದು ನೋಡಿ "ಒಡೆದು ಕಟ್ಟೋದೇ ವಾಸಿ" ಅಂದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನಮ್ಮದೂ ಇದೇ ಊರು, ಹೆಚ್ಚುಕಮ್ಮಿ ಇಂಥದ್ದೇ ಮನೆ. ನಮ್ಮಲ್ಲಿಗೆ ಬಂದ ಎಂಜಿನಿಯರ್ ಕೂಡ ಇದೇ ಮಾತು ಹೇಳಿದ್ದರು. ನಾವು ಒಡೆಯಲಿಲ್ಲ.

ತಾತ, ನೆನಪು ಅಂತೆಲ್ಲ ಹೇಳಲ್ಲ, ಲೆಕ್ಕ ಹೇಳ್ತೀನಿ. ಒಡೆದು ಹೊಸ ಪ್ಲಾನ್ ಹಾಕಿದರೆ ಸುತ್ತ ಎಷ್ಟು ಜಾಗ ಬಿಡಬೇಕು ಅನ್ನೋದನ್ನ ಪಾಲಿಕೆಯಲ್ಲಿ ಮೊದಲು ಕೇಳಿ. ಒಂದೇ ಪಕ್ಕದಲ್ಲಿ 3 ಅಡಿ ಹೋದರೂ 90 ಅಡಿ ಉದ್ದಕ್ಕೆ 270 ಚದರ ಅಡಿ ಹೋಯ್ತು, ಅಂದರೆ ಎರಡು ರೂಮು. ಜಂಟಿ ಗೋಡೆಯ ಮೇಲೆ ಪಕ್ಕದವರ ತೊಲೆಯೂ ಕೂತಿರುತ್ತೆ, ಅದನ್ನ ಅಲುಗಾಡಿಸಿದರೆ ಜಗಳ ಗ್ಯಾರಂಟಿ. ಮನೆ ಪಾರಂಪರಿಕ ಪಟ್ಟಿಯಲ್ಲಿದೆಯಾ ಅನ್ನೋದನ್ನೂ ವಿಚಾರಿಸಿ. ಶ್ರೀರಂಗಪಟ್ಟಣದಲ್ಲಿ ನಮ್ಮ ಚಿಕ್ಕಪ್ಪನ ಮನೆ ಇದೆ, ಅಲ್ಲಿನ ಕಥೆ ಇನ್ನೂ ಬಿಗಿ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟೋ ಹಾಗೇ ಇಲ್ಲ, ಅಲ್ಲಿಂದಾಚೆ ಇನ್ನೂ 200 ಮೀಟರ್ ತನಕ ಅನುಮತಿ ಬೇಕು. ನಿಮಗೆ ಆ ತಾಪತ್ರಯ ಇಲ್ಲ ಅನ್ಕೊಳ್ತೀನಿ.

ಇನ್ನು ಮುಖ್ಯವಾದ ಮಾತು. ಈ ಮನೆಗಳ ವೈರಿ ವಯಸ್ಸಲ್ಲ, ನೀರು. ಗೋಡೆ ಒಂದೂವರೆ ಅಡಿ ದಪ್ಪ ಇದ್ದರೂ ಒಳಗಿರೋದು ಮಣ್ಣು, ಮೇಲೆ ಸುಣ್ಣದ ಗಾರೆ. ನೆಲದಿಂದ ಏರಿದ ತೇವ ಆ ಸುಣ್ಣದ ಮೂಲಕ ಆರಿಹೋಗುತ್ತೆ. ಅದಕ್ಕೇ ಹಿಂದಿನವರು ಬಚ್ಚಲುಮನೆಯನ್ನ ಹಿತ್ತಲಿಗೆ ಕಳಿಸಿದ್ದರು. ನಡುಮನೆ ಪಕ್ಕದ ಕೋಣೆ ಕೊರೆದು ಬಾತ್‌ರೂಮ್ ಮಾಡಿದಿರೋ, ಐದೇ ವರ್ಷಕ್ಕೆ ಗೋಡೆ ಕರಗೋಕೆ ಶುರು.

ನಾವು ಮಾಡಿದ್ದು ಇಷ್ಟು. ಮುಂದಿನ 55 ಅಡಿ, ಅಂದರೆ ಜಗಲಿ, ಪಡಸಾಲೆ, ತೊಟ್ಟಿ, ಸುತ್ತಲಿನ ಕೋಣೆಗಳು, ಪೂರ್ತಿ ಒಣ ಭಾಗ. ಹಿಂದೆ ಬಿದ್ದುಹೋಗಿದ್ದ ಸೌದೆ ಮನೆ, ಹಳೆ ಬಚ್ಚಲು ತೆಗೆದು ಅಲ್ಲಿ ಹೊಸದಾಗಿ ನೆಲ ಮತ್ತು ಒಂದು ಮಹಡಿ ಕಟ್ಟಿದೆವು. ಅಡುಗೆಮನೆ, ಮೂರು ಬಾತ್‌ರೂಮು, ಮಕ್ಕಳ ರೂಮು ಎಲ್ಲ ಅಲ್ಲೇ. ಹೊಸದಕ್ಕೆ ಅದರದ್ದೇ ಪಾಯ, ಅದರದ್ದೇ ಪಿಲ್ಲರ್. ಹಳೆ ಗೋಡೆಗೂ ಹೊಸ ಗೋಡೆಗೂ ನಡುವೆ ಎರಡು ಇಂಚು ಸಂದು ಬಿಟ್ಟು, ಮಳೆ ಇಳಿಯದ ಹಾಗೆ ಮೇಲೆ ತಗಡು ಮುಚ್ಚಿಸಿದೆವು. ಹೊಸ ಪಾಯ ಸ್ವಲ್ಪ ಕುಸಿದೇ ಕುಸಿಯುತ್ತೆ, ಎರಡನ್ನೂ ಕಟ್ಟಿಹಾಕಿದ್ದರೆ ಹಳೆಯದನ್ನೂ ಎಳ್ಕೊಂಡು ಹೋಗ್ತಿತ್ತು.

ಹಳೆ ಗೋಡೆ ಮೇಲೇ ಮಹಡಿ ಕೂರಿಸ್ತೀನಿ ಅನ್ನೋ ಮೇಸ್ತ್ರಿ ಸಿಗ್ತಾನೆ. ಐದು ಇಂಚಿನ ಸ್ಲ್ಯಾಬು ಚದರ ಅಡಿಗೆ ಸುಮಾರು 30 ಕೆಜಿ. 20 ಅಡಿಗೆ 15 ಅಡಿ ರೂಮಂದ್ರೆ ಸ್ಲ್ಯಾಬೇ 9 ಟನ್ ಆಯ್ತು, ಗೋಡೆ ಬೇರೆ. ಅವನಿಗೆ ಒಂದು ಲೋಟ ಕಾಫಿ ಕೊಟ್ಟು ಕಳಿಸಿ.

ತಾರಸಿ ನಿಮ್ಮದೂ ಮದ್ರಾಸ್ ತಾರಸಿನೇ ಇರಬೇಕು: ತೊಲೆ, ಅದರ ಮೇಲೆ ಅಡ್ಡಡ್ಡಲಾಗಿ ಸಣ್ಣ ಮರದ ಜಂತೆ, ಜಂತೆಯ ಮೇಲೆ ಸುಣ್ಣದಲ್ಲಿ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಗಾರೆ. ಸೋರುತ್ತೆ ಅಂತ ಅದರ ಮೇಲೆ ಸಿಮೆಂಟ್ ಎಳೆಸಬೇಡಿ. ಮರ ಹಿಗ್ಗಿ ಕುಗ್ಗಿದ ಹಾಗೆ ಸಿಮೆಂಟು ಸೀಳುತ್ತೆ, ಸೀಳಲ್ಲಿ ಇಳಿದ ನೀರು ಮೇಲಕ್ಕೆ ಆರೋಕಾಗದೆ ಜಂತೆಗೆ ಸೇರುತ್ತೆ, ಆಮೇಲೆ ಗೆದ್ದಲು. ನಮ್ಮಲ್ಲಿ ನಮಗಿಂತ ಮುಂಚೆ ಯಾರೋ ಈ ಕೆಲಸ ಮಾಡಿಸಿಟ್ಟಿದ್ದರು, ಅದನ್ನ ಕೆತ್ತಿ ತೆಗೆಯೋದಕ್ಕೇ ಹದಿನೈದು ದಿನ ಹಿಡೀತು. ಹನ್ನೊಂದು ಜಂತೆ ಬದಲಾಯಿಸಿದೆವು, ಒಡೆದ ಹಳೆ ಮನೆಗಳ ಸಾಗುವಾನಿಯಲ್ಲಿ. ಮೇಲೆ ಹೊಸ ಗಾರೆ ಹಾಕಿ, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸ್ತಾ ಮರದ ಕೊಡತಿಯಲ್ಲಿ ದಿನಗಟ್ಟಲೆ ಬಡಿದರು. ಬೀದಿಯವರೆಲ್ಲ ಬೈದುಕೊಂಡರು. ಈ ಕೆಲಸ ಗೊತ್ತಿರೋರು ನಮಗೆ ಊರಲ್ಲಿ ಸಿಗಲಿಲ್ಲ, ತಮಿಳುನಾಡಿನ ಕಾರೈಕುಡಿ ಕಡೆಯಿಂದ ಬಂದರು.

ಸಿಮೆಂಟ್ ವಿಷಯದಲ್ಲಿ ನಾನೂ ಒಂದು ತಪ್ಪು ಮಾಡಿದೆ. ಆತುರಕ್ಕೆ ಬಿದ್ದು ಪಡಸಾಲೆಯ ಒಂದು ಗೋಡೆಗೆ ಸಿಮೆಂಟ್ ಪ್ಲಾಸ್ಟರ್, ಮೇಲೆ ಪುಟ್ಟಿ, ಎಮಲ್ಷನ್ ಮಾಡಿಸಿದೆ. ಮೊದಲ ಮಳೆಗಾಲಕ್ಕೇ ಸೊಂಟದೆತ್ತರ ಉಪ್ಪು ಉಕ್ಕಿ, ಹಪ್ಪಳದ ಹಾಗೆ ಎದ್ದು ಬಂತು. ಕಿತ್ತು ಸುಣ್ಣದ ಗಾರೆ ಹಾಕಿಸಿದ ಮೇಲೆ ಆ ಕಾಟ ಇಲ್ಲ.

ತೊಟ್ಟಿಯನ್ನ ಮುಚ್ಚಬೇಕು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ, ಮಂಗನ ಕಾಟ ಬೇರೆ. ಪ್ಲಾಸ್ಟಿಕ್ ಶೀಟ್ ಹೊದಿಸಿದರೆ ಏಪ್ರಿಲ್‌ನಲ್ಲಿ ಮನೆ ಇಡ್ಲಿ ಪಾತ್ರೆ ಆಗುತ್ತೆ. ನಾವು ಗಾಜನ್ನ ತಾರಸಿಗಿಂತ ಎರಡು ಅಡಿ ಎತ್ತರಿಸಿ, ಸುತ್ತ ಜಾಲರಿ ಬಿಟ್ಟೆವು. ಬಿಸಿ ಗಾಳಿ ಮೇಲೆ ಹೋಗುತ್ತೆ, ಇರುಚಲು ಸ್ವಲ್ಪ ಬೀಳುತ್ತೆ, ಬೀಳಲಿ, ಕೆಳಗೆ ಕಲ್ಲು ಹಾಸಿದೆ.

ವೈರಿಂಗಿಗೆ ಗೋಡೆ ಕೊರೆಯಬೇಡಿ, ತೊಲೆಗುಂಟ ಪೈಪಿನಲ್ಲಿ ಎಳೆಸಿ. ಕೆಂಪು ನೆಲ ಬಿರುಕು ಬಿಟ್ಟಿದ್ದರೂ ಟೈಲ್ಸ್ ಹಾಕಬೇಡಿ ಅನ್ನೋದು ನನ್ನ ಹಟ, ನಿಮ್ಮಿಷ್ಟ. ದುಡ್ಡು ಉಳಿಯುತ್ತಾ ಅಂದರೆ ಇಲ್ಲ, ಒಟ್ಟು ಖರ್ಚು ಹೊಸ ಮನೆಯಷ್ಟೇ ಬಂತು, ಸಮಯ ಒಂದೂವರೆ ಪಟ್ಟು.

ಇನ್ನೂ ಯಾರಿಗೂ ಅಡ್ವಾನ್ಸ್ ಕೊಟ್ಟಿಲ್ಲ ತಾನೆ? ಹಾಗಾದರೆ ಒಂದು ಮಳೆಗಾಲ ತಡೀರಿ. ಜೋರು ಮಳೆ ಹಿಡಿದ ದಿನ ಮನೆಗೆ ಹೋಗಿ, ಎಲ್ಲೆಲ್ಲಿ ಸೋರುತ್ತೆ, ಗೋಡೆಯಲ್ಲಿ ತೇವ ಎಲ್ಲಿತನಕ ಏರಿದೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ ಫೋಟೊ ತಗೊಳ್ಳಿ. ಮಳೆ ನಿಂತ ಮೇಲೆ ಪ್ರತಿ ತೊಲೆಯ ಎರಡೂ ತುದಿಗೆ, ಗೋಡೆ ಒಳಗೆ ಹೋಗೋ ಜಾಗದಲ್ಲಿ, ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಎಷ್ಟು ತುದಿ ಮೆತ್ತಗಿವೆ ಅಂತ ಇಲ್ಲೇ ಬರೆಯಿರಿ, ಉಳಿಸಬಹುದಾ ಇಲ್ವಾ ಅಂತ ಆಗ ಮಾತಾಡೋಣ.